ಯಾರೂ ತೊಡದ ನಿಲುವಂಗಿ

ಫೆಬ್ರವರಿ 3, ಮಂಗಳವಾರ. ಬೆಳಿಗ್ಗೆ 7.50. ಲಂಡನ್ ಟ್ಯೂಬ್ ರೈಲಿನಲ್ಲಿ.

ಸೀಟು ಸಿಕ್ಕಿತು. ಕಿಂಗ್ಸ್‌ಬರಿಯಿಂದ ಬರ್ಮಂಡ್ಸಿವರೆಗೆ ಮುಕ್ಕಾಲು ಗಂಟೆ ನನ್ನದೇ. ಎದುರಿನವನು ನಿಂತಲ್ಲೇ ಟೈ ಕಟ್ಟಿಕೊಳ್ಳುತ್ತಿದ್ದಾನೆ. ಗಂಟು ಸೊಟ್ಟ. ಸರಿಮಾಡಲು ಕೈ ತುರಿಸುತ್ತಿದೆ. ಸುಮ್ಮನಿರು, ಭುವನೇಶ್ವರಿ.

ನಿನ್ನೆ ಮೊರೀನ್ ಕಡುಗೆಂಪು ವೆಲ್ವೆಟ್ಟಿನ ಥಾನನ್ನು ನನ್ನ ಟೇಬಲ್ಲಿನ ಮೇಲೆ ಉರುಳಿಸಿದಳು. ಇದನ್ನು ನೀನೇ ಕತ್ತರಿಸು, ಶುರುವಿನಿಂದ ಕೊನೆಯವರೆಗೆ ನಿನ್ನದು ಎಂದಳು. ನಾಟಕಗಳಿಗೆ ಉಡುಪು ಹೊಲಿಯುವ ಈ ವರ್ಕ್‌ರೂಮ್ ಅವಳದು. ಏಳು ವರ್ಷದಿಂದ ಇಲ್ಲಿ ಬೇರೆಯವರು ಕತ್ತರಿಸಿದ್ದನ್ನು ಬಿಗಿ ಮಾಡಿದ್ದೇನೆ, ಸಡಿಲ ಮಾಡಿದ್ದೇನೆ, ಝಿಪ್ ಬದಲಿಸಿದ್ದೇನೆ. ಆಲ್ಟರೇಷನ್ಸ್ ಹೆಂಗಸು. ವಿಜಯಪುರದಲ್ಲಿ ಅಪ್ಪ ಮಲ್ಲಪ್ಪ ಟೇಲರ್ ಹದಿನಾರಕ್ಕೇ ನನ್ನ ಕೈಗೆ ಕತ್ತರಿ ಕೊಟ್ಟಿದ್ದ. ಲಂಡನ್ ಕೊಡಲು ನಲವತ್ತೇಳು ಆಗಬೇಕಾಯಿತು.

ಚೆನ್ನಾಗಿ ಬಂದರೆ ಕಟರ್ ಹುದ್ದೆ. ಪರ್ಮನೆಂಟ್. ಮೊರೀನ್ ಬಾಯಿಬಿಟ್ಟೇ ಹೇಳಿದಳು. ರಾತ್ರಿ ಸರಿಯಾಗಿ ನಿದ್ದೆಯಿಲ್ಲ.

ಫೆಬ್ರವರಿ 5, ಗುರುವಾರ. ಊಟದ ಬ್ರೇಕ್.

ಕತ್ತರಿಸಿದೆ. ಮೊದಲ ಸಲ ಕತ್ತರಿ ಹಾಕುವಾಗ ಉಸಿರು ಬಿಗಿಹಿಡಿದಿದ್ದೆ. ವೆಲ್ವೆಟ್ಟಿನ ಬಣ್ಣ ಎಂಥದ್ದು! ಬಣ್ಣ ಹಾಕಿದವರು ಶ್ರೀರಂಗ — ಪಾರ್ಕ್ ರಾಯಲ್‌ನಲ್ಲಿ ಒಬ್ಬರೇ ನಡೆಸುವ ಸಣ್ಣ ಡೈ ಯೂನಿಟ್. ಬೆಂಗಳೂರಿನವರು, ಐಟಿ ಕೆಲಸಕ್ಕೆಂದು ಬಂದವರು, ಅದನ್ನು ಬಿಟ್ಟು ಬಣ್ಣಕ್ಕೆ ಇಳಿದವರು. ಒಳಗಿನ ಲೈನಿಂಗ್‌ನ ದಂತವರ್ಣದ ರೇಷ್ಮೆಯೂ ಅವರ ಕೈಯದೇ. ಅವರ ಕೆಲಸದಲ್ಲಿ ಅರ್ಧ ಮೊರೀನಳಿಂದ ಬರುತ್ತದೆ.

ನಾಟಕದ ಸ್ಕ್ರಿಪ್ಟ್ ಓದಿದೆ. ಈ ವರ್ಷ ಅಮೆರಿಕಕ್ಕೆ ಇನ್ನೂರೈವತ್ತು ತುಂಬುತ್ತದೆ, ಅದಕ್ಕೆ ಇದು. ನಡೆಯುವುದು 1782ರಲ್ಲಿ. ಇಂಗ್ಲೆಂಡಿನ ರಾಜನ ವಿರುದ್ಧದ ಯುದ್ಧ ಹೆಚ್ಚುಕಡಿಮೆ ಮುಗಿದಿದೆ. ಸೈನಿಕರಿಗೆ ಸಂಬಳವಿಲ್ಲ, ಕೇಳುವವರಿಲ್ಲ. ನಿಕೊಲಾ ಎಂಬ ವಯಸ್ಸಾದ ಕರ್ನಲ್ ತನ್ನ ಜನರಲ್ ವಾಷಿಂಗ್ಟನ್‌ಗೆ ಉದ್ದದ ಕಾಗದ ಬರೆಯುತ್ತಾನೆ. ಗಣರಾಜ್ಯ ನಮ್ಮಿಂದ ಆಗುವ ಕೆಲಸವಲ್ಲ, ನಿಮ್ಮಂಥವರೇ ಆಳಬೇಕು, ಮೊದಲಿಗೆ ಮೆತ್ತಗಿನ ಬಿರುದು ಯಾವುದಾದರೂ ಇಟ್ಟುಕೊಳ್ಳೋಣ, ಎಲ್ಲ ಸರಿಹೋದ ಮೇಲೆ ರಾಜ ಎಂದೇ ಕರೆಯಬಹುದು... ಎಂಥ ಜಾಣ! ನಿಜವಾಗಿ ನಡೆದದ್ದಂತೆ. ಕಾಗದ ಈಗಲೂ ಇದೆಯಂತೆ.

ವಾಷಿಂಗ್ಟನ್ ಅದೇ ದಿನ ಉತ್ತರ ಬರೆದ. ಇಡೀ ಯುದ್ಧದಲ್ಲಿ ಯಾವುದೂ ನನಗೆ ಇಷ್ಟು ನೋವು ಕೊಟ್ಟಿರಲಿಲ್ಲ. ಹೀಗೆ ಕೇಳುವ ಧೈರ್ಯ ನಿಮಗೆ ಬರುವಂಥದ್ದು ನನ್ನ ನಡತೆಯಲ್ಲಿ ಏನಿತ್ತು?

ಈ ಮಾತಿನ ಹತ್ತಿರ ನನ್ನ ಚಪಾತಿ ಕೈಯಲ್ಲೇ ಉಳಿಯಿತು. ಕೇಳಿದವನನ್ನು ಬೈಯುವುದು ಸುಲಭ. ನನ್ನಲ್ಲಿ ಏನು ಕಂಡು ಕೇಳಿದೆ ಎಂದು ತನ್ನನ್ನೇ ಹುಡುಕಿಕೊಳ್ಳುವುದು... ಮೈ ಜುಂ ಎಂದಿತು.

ನಾನು ಹೊಲಿಯುತ್ತಿರುವುದು ಆ ರಾಜನ ಪಟ್ಟಾಭಿಷೇಕದ ನಿಲುವಂಗಿ. ಆಗದೇ ಹೋದ ರಾಜನದು. ನಾಟಕದುದ್ದಕ್ಕೂ ಅದು ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಯಾರೂ ತೊಡುವುದಿಲ್ಲ.

ಫೆಬ್ರವರಿ 9, ಸೋಮವಾರ. ಸಂಜೆ 6.30.

ಮಗಳು ಅನ್ವಿತಾ ಎ-ಲೆವೆಲ್‌ಗೆ, ಅಂದರೆ ಇಲ್ಲಿನ ಪಿಯುಸಿಗೆ, ಹಿಸ್ಟರಿ ತೆಗೆದುಕೊಂಡಿದ್ದು ಇವತ್ತು ಉಪಯೋಗಕ್ಕೆ ಬಂತು. ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪಾಠ ಮಾಡಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಕಾಗದ ಒಂದೇ ಅಲ್ಲವಂತೆ. ಕೆಲವು ವರ್ಷದ ಮೇಲೆ ಪ್ರಷ್ಯಾದ ರಾಜಕುಮಾರನೊಬ್ಬನನ್ನು ಕರೆಸೋಣವೇ ಎಂದು ಕೆಲವರು ಗುಟ್ಟಾಗಿ ವಿಚಾರಿಸಿದ್ದರಂತೆ. ಹ್ಯಾಮಿಲ್ಟನ್ ಎಂಬವನು ಸಂವಿಧಾನ ಬರೆಯುವ ಸಭೆಯಲ್ಲೇ, ಆರಿಸಿ ಬಂದವನು ಸಾಯುವವರೆಗೂ ಆಳಲಿ ಎಂದನಂತೆ. ವಾಷಿಂಗ್ಟನ್ ಅಧ್ಯಕ್ಷನಾದ ಮೇಲೆ ಸೆನೆಟ್‌ನವರು ಅವನನ್ನು ಏನೆಂದು ಕರೆಯಬೇಕೆಂದು ವಾರಗಟ್ಟಲೆ ಜಗಳವಾಡಿದರಂತೆ. ಹಿಸ್ ಹೈನೆಸ್, ಅದರ ಹಿಂದೆ ಇನ್ನೊಂದು ಮಾರುದ್ದದ ಬಾಲ.

ರಾಜನನ್ನು ಓಡಿಸಿ ಇನ್ನೂ ಕೈ ತೊಳೆದಿರಲಿಲ್ಲ, ಇನ್ನೊಬ್ಬನನ್ನು ಹುಡುಕಲು ಹೊರಟಿದ್ದರು. ಇದನ್ನು ಕೇಳಿ ನನ್ನ ಗಂಡ ಶರಣಬಸವ ನಕ್ಕರು. ಬಸ್ ಓಡಿಸಿ ಬಂದು ಯೂನಿಫಾರಂ ಕೂಡ ಬಿಚ್ಚಿರಲಿಲ್ಲ. "ಮಂದಿಗೆ ಡ್ರೈವರ್ ಬೇಕ ಆಗ್ತಾನ ನೋಡ. ತಾವು ಹಿಂದ ಕುಂತು ನಿದ್ದಿ ಮಾಡಾಕ."

ಇನ್ನೊಂದನ್ನೂ ಅನ್ವಿತಾ ಹೇಳಿದಳು. ಯುದ್ಧ ಗೆದ್ದವನು ಸೈನ್ಯ ಬಿಟ್ಟು ಹೊಲಕ್ಕೆ ಹಿಂದಿರುಗುತ್ತಾನಂತೆ ಎಂದು ಇಲ್ಲಿ, ಇದೇ ಲಂಡನ್ನಿನಲ್ಲಿ, ಸೋತ ರಾಜನ ಕಿವಿಗೆ ಬಿತ್ತಂತೆ. ಹಾಗೆ ಮಾಡಿದರೆ ಅವನು ಜಗತ್ತಿನಲ್ಲೇ ದೊಡ್ಡ ಮನುಷ್ಯ ಎಂದು ರಾಜ ಹೇಳಿದ ಎಂಬುದು ಬಾಯಿಂದ ಬಾಯಿಗೆ ಬಂದ ಕಥೆ. ನಿಜವೋ ಸುಳ್ಳೋ. ನನಗೆ ನಿಜವಾಗಿರಲಿ ಅನ್ನಿಸಿತು.

ಫೆಬ್ರವರಿ 13, ಶುಕ್ರವಾರ. ಸಂಜೆ 7.

ನಿಲುವಂಗಿ ಮನೆಗೆ ಬಂತು. ಅಂಚಿನ ಕೈಹೊಲಿಗೆ ಬಾಕಿ, ವರ್ಕ್‌ರೂಮಿನಲ್ಲಿ ಜಾಗವಿಲ್ಲ, ಮೊರೀನಳೇ ಒಯ್ಯಿ ಎಂದಳು. ಶರಣಬಸವ ಕಾರು ತಂದರು. ಸೋಫಾದ ತುಂಬ ಅದೇ. ಮನೆಯವರೆಲ್ಲ ನೆಲದ ಮೇಲೆ ಕೂತು ಊಟ ಮಾಡಿದೆವು. ಯಾರೂ ದೂರಲಿಲ್ಲ, ಆಶ್ಚರ್ಯ.

ಫೆಬ್ರವರಿ 15, ಭಾನುವಾರ. ಮಧ್ಯಾಹ್ನ.

ಮುಗಿಯಿತು. ಕೊನೆಯ ಗಂಟು ಹಾಕಿ ದಾರ ಕಡಿದೆ. ಎತ್ತಿ ಹಿಡಿದು ನೋಡಿದೆ. ನಾನು ಮಾಡಿದ್ದೇ ಇದು? ನಾಚಿಕೆಯಿಲ್ಲದೆ ಬರೆಯುತ್ತೇನೆ — ಭವ್ಯವಾಗಿದೆ.

ಒಂದು ಕೆಲಸ ಮಾಡಿದೆ. ನಮ್ಮಲ್ಲಿ ಹೊಸ ಅರಿವೆಯ ಮೂಲೆಗೆ ಅರಿಶಿನ ಹಚ್ಚದೆ ಯಾರೂ ಉಡುವುದಿಲ್ಲ. ಅಪ್ಪ ಅಂಗಡಿಯಲ್ಲಿ ಹಚ್ಚುತ್ತಿರಲಿಲ್ಲ, ಅದು ಉಡುವವರ ಮನೆಯವರು ಮಾಡುವುದು. ಏಳು ವರ್ಷದಲ್ಲಿ ನಾಟಕದ ಉಡುಪಿಗೆ ನಾನೂ ಹಚ್ಚಿಲ್ಲ. ಆದರೆ ಇದನ್ನು ಉಡುವವರೇ ಇಲ್ಲವಲ್ಲ. ಹಚ್ಚುವ ಮನೆಯೂ ಇಲ್ಲ. ಅನಾಥ ಅನ್ನಿಸಿತು. ದೇವರ ಮುಂದಿನ ಬಟ್ಟಲಲ್ಲಿ ಬೆರಳು ಅದ್ದಿ ಲೈನಿಂಗ್‌ನ ಒಳಮೂಲೆಗೆ ಒಂದು ಚುಕ್ಕೆ ಇಟ್ಟೆ. ಕಡಲೆಬೇಳೆಯಷ್ಟು. ಒಳಗಡೆ. ಯಾರಿಗೆ ಕಾಣುತ್ತದೆ.

ಫೆಬ್ರವರಿ 17, ಮಂಗಳವಾರ. ಸಂಜೆ 5.40.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದೇನೆ. ಎರಡು ಟ್ರೇನ್ ಬಿಟ್ಟೆ.

ಲೈನಿಂಗ್‌ನ ಮೇಲೆ ನನ್ನ ಚಾಕ್ ಗೆರೆಗಳು ಉಳಿದಿದ್ದವು. ಮೊರೀನ್ ಸೋಪಿನ ನೀರಿನಲ್ಲಿ ಸ್ಪಂಜು ಅದ್ದಿ ಅಂಚಿನುದ್ದಕ್ಕೂ ಒರೆಸಿದಳು. ಚುಕ್ಕೆ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಒರೆಸಿ ಮುಗಿಸಿ ನೋಡಿದರೆ ಮೂಲೆಯಲ್ಲಿ ಕೆಂಪು ಕಲೆ. ಅಂಗೈಯಗಲ ಹರಡಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೂ ಸೋಪು ಬಿದ್ದರೂ ಕೆಂಪಾಗುತ್ತದೆ. ಆರತಿಯ ನೀರು ಕಲಸಿದ ಯಾವ ಹೆಣ್ಣುಮಗಳಿಗೂ ಗೊತ್ತು. ಮೊರೀನಳಿಗೆ ಹೇಗೆ ಗೊತ್ತಿರಬೇಕು?

ವೆಲ್ವೆಟ್ಟಿನ ಬಣ್ಣ ಬಿಟ್ಟಿದೆ ಎಂದಳು. ಕೆಂಪು ವೆಲ್ವೆಟ್, ಕೆಂಪು ಕಲೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಫೋಟೋ ತೆಗೆದು ಶ್ರೀರಂಗ ಅವರಿಗೆ ಕಳಿಸಿದಳು. ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೆ ಇನ್ನೂ ಕೆಟ್ಟದ್ದು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ. ಮುಚ್ಚಿದೆ.

ಫೆಬ್ರವರಿ 18, ಬುಧವಾರ. ಮಧ್ಯಾಹ್ನ 1.15.

ಶ್ರೀರಂಗ ಫೋನ್ ಮಾಡಿದರು. ನನಗೆ, ಮೊರೀನಳಿಗಲ್ಲ. ಮೆಟ್ಟಿಲ ಹತ್ತಿರ ಹೋಗಿ ಮಾತಾಡಿದೆ. ಅವರ ದನಿ ಯಾವಾಗಲೂ ಮೆಲ್ಲಗೆ.

"ಭುವನೇಶ್ವರಿ ಅವರೇ, ಫೋಟೋ ನೋಡಿದೆ. ಅದು ನನ್ನ ಡೈ ಅಲ್ಲ. ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು."

ಮೆಟ್ಟಿಲ ಮೇಲೆ ಕೂತೆ.

"ನಾನೇನೂ ಹೇಳಲ್ಲ. ಹೇಳೋದಿದ್ರೆ ನೀವೇ ಹೇಳಿ."

ಇಷ್ಟೇ. ಇಟ್ಟುಬಿಟ್ಟರು. ಕೆಮಿಸ್ಟ್ರಿ ಓದಿದ ಮನುಷ್ಯ. ಆ ಕಲೆಯ ಮೇಲೆ ನಿಂಬೆರಸ ಒಂದು ಹನಿ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ, ವೆಲ್ವೆಟ್ಟಿನ ಡೈ ತಿರುಗುವುದಿಲ್ಲ. ಬಂದು ಮೊರೀನಳ ಎದುರು ತೋರಿಸಿದ್ದರೆ ಒಂದು ನಿಮಿಷದಲ್ಲಿ ಪಾರಾಗುತ್ತಿದ್ದರು. ಮೊರೀನ್ ಬೆಳಿಗ್ಗೆ ಹೇಳಿದ್ದನ್ನು ಅವರು ಆಗಲೇ ಕೇಳಿಸಿಕೊಂಡಿದ್ದರು: ಸರಿಯಾದ ಕಾರಣ ಕೊಡದಿದ್ದರೆ ಇನ್ನು ಮುಂದೆ ಅವರಿಗೆ ಕೆಲಸವಿಲ್ಲ. ಅದು ಗೊತ್ತಿದ್ದೂ ಫೋನ್ ನನಗೆ ಮಾಡಿದರು.

ಇಂಥವರೂ ಇರುತ್ತಾರೆಯೇ. ಸ್ಕ್ರಿಪ್ಟಿನಲ್ಲಿ ಓದಿದಾಗ ಇನ್ನೂರು ವರ್ಷದ ಹಿಂದಿನ ಮಾತು ಅನ್ನಿಸಿತ್ತು.

ಫೆಬ್ರವರಿ 20, ಶುಕ್ರವಾರ. ಸಂಜೆ 6.

ಮೊರೀನ್ ಕಾಂಟ್ರಾಕ್ಟ್ ಲೆಟರ್ ಕೊಟ್ಟಳು. ಕಟರ್. ನನ್ನ ಹೆಸರು ಪೂರ್ತಿ ಬರೆದಿದ್ದಾರೆ, ಒಂದಕ್ಷರವೂ ತಪ್ಪಿಲ್ಲದೆ. ಕಲೆ ನಿನ್ನ ತಪ್ಪಲ್ಲ, ಕತ್ತರಿಸಿದ್ದು ನೋಡಿ ಕೊಡುತ್ತಿದ್ದೇನೆ, ಸೋಮವಾರ ಸಹಿ ಹಾಕಿ ತಾ ಎಂದಳು. ಹೊಸ ಡೈಯವರನ್ನು ಹುಡುಕುತ್ತಿದ್ದಾಳಂತೆ.

ಥ್ಯಾಂಕ್ಯೂ ಎಂದೆ. ಎಂದೆನಲ್ಲ!

ಅನ್ವಿತಾ ಕೇಕ್ ತಂದಿದ್ದಾಳೆ. ಶರಣಬಸವ ಊರಿಗೆಲ್ಲ ಫೋನ್ ಮಾಡುತ್ತಿದ್ದಾರೆ. ಅರಿಶಿನದ ಸಂಗತಿ ಇವರಿಗೂ ಹೇಳಿಲ್ಲ.

ಫೆಬ್ರವರಿ 23, ಸೋಮವಾರ. ಸಂಜೆ 6.15.

ಹೇಳಿದೆ.

ವಾರದ ಕೊನೆಯಲ್ಲೇ ನಿರ್ಧಾರ ಮಾಡಿಯಾಗಿತ್ತು. ನಿಕೊಲಾ ಪಾಪ, ಉತ್ತರ ಬಂದ ಮೇಲೆ ಒಂದೇ ವಾರದಲ್ಲಿ ಮೂರು ಕ್ಷಮಾಪಣೆ ಪತ್ರ ಬರೆದನಂತೆ. ನಾನೂ ಇಂಗ್ಲಿಷಿನಲ್ಲಿ ಬರೆದು ನೋಡಿದೆ, ಎರಡು ಸಾಲಾದ ಮೇಲೆ ಎಲ್ಲ ನೆಪವಾಗುತ್ತಿತ್ತು. ಕೊನೆಗೆ ಬಾಯಲ್ಲೇ.

ಬೆಳಿಗ್ಗೆ ಮೊರೀನಳ ಟೇಬಲ್ಲಿನ ಮೇಲೆ ಬೇರೆ ಡೈಯವರ ಬಣ್ಣದ ತುಂಡುಗಳು ಸಾಲಾಗಿದ್ದವು. ಅಡುಗೆಕೋಣೆಯಿಂದ ಚಹಾಕ್ಕಿಟ್ಟಿದ್ದ ನಿಂಬೆಹೋಳು ತಂದೆ. ನಿಲುವಂಗಿಯ ಮೂಲೆ ತಿರುಗಿಸಿದೆ. ನೋಡು ಎಂದು ಒಂದು ಹನಿ ಹಿಂಡಿದೆ. ಅವಳ ಕಣ್ಣೆದುರೇ ಕೆಂಪು ಹಳದಿಯಾಯಿತು. ನಲವತ್ತು ವರ್ಷ ಬಟ್ಟೆಯ ಜೊತೆ ಬದುಕಿದವಳು ಬೆರಗಾಗಿ ಬಗ್ಗಿದಳು. ಆಮೇಲೆ ನನ್ನ ಮುಖ ನೋಡಿದಳು. ಎಲ್ಲ ಹೇಳಿದೆ. ಚುಕ್ಕೆ, ಯಾಕೆ ಇಟ್ಟೆ, ಸೋಪು, ಮಂಗಳವಾರದಿಂದ ಸುಮ್ಮನಿದ್ದದ್ದು. ಶ್ರೀರಂಗ ಅವರಿಗೆ ಬುಧವಾರವೇ ತಿಳಿದಿತ್ತು ಎಂದೂ ಹೇಳಿದೆ.

ಅವಳು ಕೇಳಿದ್ದು ಒಂದೇ. "ಅರಿಶಿನ ಹಚ್ಚಿದ್ದು ನನಗೆ ಅರ್ಥ ಆಗುತ್ತೆ. ಆರು ದಿನ ಯಾಕೆ?"

ನಿಂಬೆಹೋಳನ್ನು ಕಸದ ಬುಟ್ಟಿಗೆ ಹಾಕಿದೆ.

ಲೆಟರ್ ವಾಪಸ್ ಕೊಡು ಎಂದಳು. ಮನೆಯಲ್ಲಿದೆ ಎಂದೆ. ಸರಿ, ಹರಿದುಹಾಕು, ಆರು ತಿಂಗಳಾದ ಮೇಲೆ ನೋಡೋಣ. ಕೋಪವಿರಲಿಲ್ಲ ದನಿಯಲ್ಲಿ. ನಂತರ ಅವಳೇ ಶ್ರೀರಂಗ ಅವರಿಗೆ ಫೋನ್ ಮಾಡಿದಳು. ಕಿಟಕಿಯ ಕಡೆ ತಿರುಗಿ ನಿಂತು ಸಾರಿ ಎಂದಳು. ಮೊರೀನ್ ಸಾರಿ ಅಂದದ್ದನ್ನು ಏಳು ವರ್ಷದಲ್ಲಿ ಮೊದಲ ಸಲ ಕೇಳಿದೆ.

ಮನೆಯಲ್ಲಿ ಹೇಳಿದಾಗ ಶರಣಬಸವ ಬೈಯಲಿಲ್ಲ. ಕೇಕ್ ಉಳಿದದ್ದನ್ನು ತಿನ್ನುತ್ತಾ "ಇರಲಿ ಬಿಡ, ಕೈ ಎಲ್ಲಿ ಹೋಗ್ತದ ನಿಂದು" ಎಂದರು. ಅತ್ತುಬಿಟ್ಟೆ.

ಫೆಬ್ರವರಿ 26, ಗುರುವಾರ. ಬೆಳಿಗ್ಗೆ 11.

ಕಲೆಯ ಮೂಲೆಯನ್ನು ಕತ್ತರಿಸಿ ತೆಗೆದೆ. ಹೊಸ ರೇಷ್ಮೆ ಕೂಡಿಸಬೇಕು, ಅದಕ್ಕೆ ಅದೇ ದಂತವರ್ಣ ಬೇಕು. ಶ್ರೀರಂಗ ಆರು ತುಂಡು ಅದ್ದಿ ತಂದರು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಹೊಂದಿಸಿ ನೋಡಿದೆವು. ಐದನೆಯದು ಕೂತಿತು. ಎಲ್ಲಿ ಕೂಡಿಸಿದೆ ಎಂದು ನನಗೇ ಹುಡುಕಬೇಕಾಯಿತು. ಅರಿಶಿನದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಕ್ಕುಲಿ ಕೊಟ್ಟೆ, ಡಬ್ಬಿಸಮೇತ ತೆಗೆದುಕೊಂಡು ಹೋದರು.

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 7.55. ಟ್ಯೂಬ್‌ನಲ್ಲಿ.

ನಿನ್ನೆ ಮೊದಲ ಪ್ರದರ್ಶನ. ವಾಟರ್ಲೂ ಹತ್ತಿರದ ಸಣ್ಣ ಥಿಯೇಟರ್. ಮೊರೀನ್ ನನಗೂ ಶ್ರೀರಂಗ ಅವರಿಗೂ ಅಕ್ಕಪಕ್ಕದ ಸೀಟು ಕೊಡಿಸಿದ್ದಳು.

ಹೇಗೆ ಬರೆಯಲಿ. ಮೂರು ವಾರ ನನ್ನ ಕೈಯಲ್ಲಿ ಹೊರಳಾಡಿದ ಬಟ್ಟೆ. ಎಲ್ಲಿ ಎಷ್ಟು ಹೊಲಿಗೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೂ ಬೆಳಕು ಬಿದ್ದಾಗ ಗುರುತು ಸಿಗಲಿಲ್ಲ. ಅಷ್ಟು ಕೆಂಪು, ಅಷ್ಟು ದೊಡ್ಡದು. ಅದರ ಪಕ್ಕದಲ್ಲಿ ಸವೆದ ನೀಲಿ ಕೋಟಿನ ವಾಷಿಂಗ್ಟನ್ ಸಣ್ಣಗೆ ಕಾಣುತ್ತಿದ್ದ. ಕಾಗದ ಓದಿದ. ಸುಮ್ಮನೆ ಕೂತ. ಎದ್ದು ನಿಲುವಂಗಿಯ ಸುತ್ತ ಒಂದು ಸುತ್ತು ಬಂದ. ಮುಟ್ಟಿಬಿಡುತ್ತಾನೆ ಎಂದುಕೊಂಡೆ. ಕಥೆ ಗೊತ್ತಿದ್ದೂ, ಮುಟ್ಟಬೇಡ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತು ಉತ್ತರ ಹೇಳಿ ಬರೆಸಿದ. ಇಬ್ಬರು ಅಧಿಕಾರಿಗಳನ್ನು ಕರೆದು, ನಕಲು ಸರಿಯಾಗಿದೆ ಎಂದು ಸಹಿ ಹಾಕಿಸಿದ. ಆ ಸಹಿಯೂ ನಿಜವಾಗಿ ನಡೆದದ್ದೇ. ತನ್ನ ಮಾತಿಗೆ ತಾನೇ ಸಾಕ್ಷಿ ಇಟ್ಟುಕೊಂಡ, ನಾಳೆ ಮನಸ್ಸು ಬದಲಾದರೆ ಹಿಡಿದು ಕೇಳಲಿ ಎಂದೋ ಏನೋ.

ಥಿಯೇಟರಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ದೊಡ್ಡದನ್ನು ಗೆದ್ದವರ ಕಥೆ ಬೇಕಾದಷ್ಟು ಕೇಳಿದ್ದೇನೆ. ಕೈಗೆ ಬಂದದ್ದನ್ನು ಕೆಳಗಿಡುವುದು ಇಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಕಣ್ಣು ತುಂಬಿಕೊಂಡೇ ಇತ್ತು.

ಮುಗಿದ ಮೇಲೆ ಸ್ಟೇಷನ್‌ವರೆಗೆ ಇಬ್ಬರೂ ನಡೆದೆವು. ಕೇಳಿಯೇಬಿಟ್ಟೆ. ಆ ಬುಧವಾರ ಮೊರೀನಳಿಗೆ ಯಾಕೆ ಹೇಳಲಿಲ್ಲ? ನಿಮ್ಮ ಅರ್ಧ ಕೆಲಸ ಹೋಗುತ್ತಿತ್ತು.

ಶ್ರೀರಂಗ ಕೋಟಿನ ಗುಂಡಿ ಹಾಕಿಕೊಂಡರು. "ಹೇಳೋಣ ಅಂತಾನೇ ಫೋನ್ ತಗೊಂಡಿದ್ದೆ. ಫೋಟೋ ಇನ್ನೊಂದ್ಸಲ ನೋಡಿದೆ. ಯಾರೂ ಹಾಕ್ಕೊಳ್ಳದೇ ಇರೋ ಬಟ್ಟೆಗೆ ಅರಿಶಿನ ಹಚ್ಚಿದ್ದಾರೆ. ಅಂಥವರು ಹೇಳದೇ ಇರಲ್ಲ ಅನ್ನಿಸ್ತು. ಕಾಯೋಣ ಅಂದ್ಕೊಂಡೆ."

ಅವರ ಟ್ರೇನ್ ಬಂತು, ಹೋದರು.

ಅವರು ನನ್ನನ್ನು ಏನೆಂದು ತಿಳಿದಿದ್ದಾರೆ. ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಈ ಪುಸ್ತಕ ಯಾರೂ ಓದುವುದಿಲ್ಲ, ಆದರೂ ಇದರಲ್ಲೂ ನಾನು ಸುಳ್ಳು ಬರೆದಿದ್ದೇನೆ. ವಾರದ ಕೊನೆಯಲ್ಲಿ ಯಾವ ನಿರ್ಧಾರವನ್ನೂ ಮಾಡಿರಲಿಲ್ಲ. ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಆ ಲೆಟರಿಗೆ ಸಹಿ ಹಾಕಿದೆ. ಭಾನುವಾರ ಬರೆದ ಕ್ಷಮಾಪಣೆ, ಹುದ್ದೆ ಸಿಕ್ಕಿ ಒಂದೆರಡು ತಿಂಗಳಾದ ಮೇಲೆ ಕೊಡಲೆಂದು ಬರೆದದ್ದು. ಸೋಮವಾರ ಮೊರೀನ್ ವಾಪಸ್ ಕೊಡು ಎಂದಾಗ ಲೆಟರ್ ಮನೆಯಲ್ಲಿರಲಿಲ್ಲ. ನನ್ನ ಬ್ಯಾಗಿನಲ್ಲೇ ಇತ್ತು, ಸಹಿಸಮೇತ. ಟೇಬಲ್ಲಿನ ಮೇಲೆ ಬೇರೆ ಡೈಯವರ ಆ ಬಣ್ಣದ ತುಂಡುಗಳು ಕಾಣದೇ ಇದ್ದಿದ್ದರೆ ಹತ್ತು ಗಂಟೆಗೆ ಕೊಟ್ಟೇಬಿಡುತ್ತಿದ್ದೆ.

ಇವತ್ತು ಮಧ್ಯಾಹ್ನ ಶ್ರೀರಂಗ ವರ್ಕ್‌ರೂಮಿಗೆ ಬರುತ್ತಾರೆ, ಮುಂದಿನ ನಾಟಕದ ಬಣ್ಣ ಮಾತಾಡಲು. ಅವರಿಗೆ ಹೇಳಬೇಕು. ಹೇಳಿದ ಮೇಲೆ ಅವರು ನನ್ನನ್ನು ನೋಡುವ ರೀತಿ ಬದಲಾಗುತ್ತದೆ. ಬದಲಾಗಲಿ. ಶನಿವಾರ ಬೆಳಿಗ್ಗೆ ಎಂದು ಶುರುಮಾಡಿ, ನಿಲ್ಲದೆ, ಒಂದೇ ಉಸಿರಿಗೆ... ಬರ್ಮಂಡ್ಸಿ ಬಂತು, ಬಾಗಿಲು